ಹದಿನೆಂಟರ ಆಟ, ಹದಿಮೂರರ ಬೆರಳು

ಜುಲೈನಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಮಳೆ ಹಿಡಿದುಕೊಂಡರೆ ಶಾಲೆಗೆ ರಜೆ. ದೊಡ್ಡವರು ತೋಟದಲ್ಲಿ ಮುರಿದುಬಿದ್ದ ಸಿಲ್ವರ್ ಮರ ನೋಡಲು ಹೋಗಿರುತ್ತಾರೆ, ಅಜ್ಜ ಕಂಬಳಿ ಹೊದ್ದು ಮಲಗಿರುತ್ತಾರೆ, ಅಜ್ಜನ ಮೊಬೈಲ್ ಮಾತ್ರ ಎಚ್ಚರವಾಗಿರುತ್ತದೆ. ಏಳನೇ ಕ್ಲಾಸಿನ ಹುಡುಗ ಅದರಲ್ಲಿ ‘ಜಿಟಿಎ 5 ಮೊಬೈಲ್ ಡೌನ್‌ಲೋಡ್’ ಎಂದು ಹುಡುಕುತ್ತಾನೆ. ಏನೋ ಒಂದು ಸಿಗುತ್ತದೆ. ಆದರೆ ಅದು ಜಿಟಿಎ 5 ಅಲ್ಲ. 2013ರಲ್ಲಿ ಬಿಡುಗಡೆಯಾದ, ಕಳ್ಳತನ, ಗುಂಡಿನ ದಾಳಿಗಳ, 18ರ ಗುರುತಿನ ಆ ಆಟ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗೆ ಬಂತು, ಆಮೇಲೆ ಕಂಪ್ಯೂಟರಿಗೆ ಬಂತು. ಆಂಡ್ರಾಯ್ಡ್ ಫೋನಿಗೆ ಇಳಿಸಿಕೊಳ್ಳುವ ಆವೃತ್ತಿಯನ್ನು ಕಂಪನಿ ತಂದೇ ಇಲ್ಲ. ಯೂಟ್ಯೂಬ್ ವಿಡಿಯೊ ಕೆಳಗಿನ ಲಿಂಕಿನಿಂದ ಇಳಿಯುವ ಎಪಿಕೆ, ಅಂದರೆ ಪ್ಲೇ ಸ್ಟೋರಿನ ಹೊರಗಿನಿಂದ ಆ್ಯಪ್ ಹಾಕುವ ಫೈಲು, ಹೆಚ್ಚಿನ ಸಲ ಜಾಹೀರಾತಿನ ಗೂಡು. ಕೆಲವು ಸಲ ಎಸ್‌ಎಂಎಸ್ ಓದಲು ಅನುಮತಿ ಕೇಳುವ ಕಳ್ಳ ಆ್ಯಪ್. ಅಜ್ಜನ ಬ್ಯಾಂಕಿನ ಓಟಿಪಿ ಬರುವುದೂ ಅದೇ ಫೋನಿಗೆ.

ದೊಡ್ಡವರ ಆಟವನ್ನು ಮಕ್ಕಳಿಗೆ ಬಿಡಬೇಕೇ ಎಂಬ ಚರ್ಚೆ ನಮ್ಮಲ್ಲಿ ರಕ್ತದಿಂದ ಶುರುವಾಗಿ ರಕ್ತದಲ್ಲೇ ಮುಗಿಯುತ್ತದೆ. ಪರದೆಯ ಮೇಲೆ ಗುಂಡು ಹೊಡೆದವನು ನಾಳೆ ಬೀದಿಯಲ್ಲಿ ಹೊಡೆದಾನು ಎಂಬ ಭಯ. ಈ ಭಯ ಪೂರ್ತಿ ಸುಳ್ಳಲ್ಲ, ಆದರೆ ನಾವು ಕೊಟ್ಟಷ್ಟು ತೂಕವೂ ಅದಕ್ಕಿಲ್ಲ. ತೂಕ ಇರುವುದು ಬೇರೆ ಕಡೆ.

ಮೊದಲು ಆಟದ ಮೇಲೆ ಬರೆದಿರುವ ವಯಸ್ಸಿನ ಸಂಖ್ಯೆಯ, ಅಂದರೆ ರೇಟಿಂಗಿನ ವಿಚಾರ. 1993ರಲ್ಲಿ ಮಾರ್ಟಲ್ ಕಾಂಬ್ಯಾಟ್ ಎಂಬ ಹೊಡೆದಾಟದ ಆಟ ಅಮೆರಿಕದ ಸೆನೆಟ್‌ನಲ್ಲಿ ವಿಚಾರಣೆಗೆ ಬಂತು. ಸರ್ಕಾರವೇ ಕಡಿವಾಣ ಹಾಕುವ ಮೊದಲು ಉದ್ಯಮ ತಾನಾಗಿ 1994ರಲ್ಲಿ ಆಟಗಳಿಗೆ ವಯಸ್ಸಿನ ಗುರುತು ಹಾಕುವ ಇಎಸ್ಆರ್‌ಬಿ ಎಂಬ ಮಂಡಳಿ ಕಟ್ಟಿಕೊಂಡಿತು. ಅದರ ‘ಎಂ’ ಗುರುತು ಎಂದರೆ 17 ತುಂಬಿದವರಿಗೆ. ಯುರೋಪಿನ ಇಂಥದ್ದೇ ವ್ಯವಸ್ಥೆ ಪೆಗಿ 2003ರಲ್ಲಿ ಬಂತು. ಅದರ ಮೆಟ್ಟಿಲುಗಳು 3, 7, 12, 16, 18. ಮನುಷ್ಯರಂತೆ ಕಾಣುವ ಪಾತ್ರಗಳು ಹೊಡೆದಾಡಿದರೂ ಅದು ಸಹಜವಾಗಿ ಕಾಣದಿದ್ದರೆ 12. ನಿಜ ಜೀವನದಲ್ಲಿ ಕಂಡಂತೆಯೇ ಕಂಡರೆ 16. ಕಾರಣವಿಲ್ಲದ ಕೊಲೆ, ತಿರುಗಿ ಹೊಡೆಯಲಾರದವರ ಮೇಲೆ ಹಿಂಸೆ, ಮಾದಕವಸ್ತುವಿನ ವೈಭವೀಕರಣ ಇದ್ದರೆ 18.

ನಮ್ಮ ಪ್ಲೇ ಸ್ಟೋರಿನಲ್ಲಿ ಐಕಾನಿನ ಕೆಳಗೆ ಕಾಣುವ ಸಂಖ್ಯೆ ಬರುವ ದಾರಿ ಇನ್ನೊಂದು. ಆಟ ಮಾಡಿದವರು ಐಎಆರ್‌ಸಿ ಎಂಬ ವ್ಯವಸ್ಥೆಯ ಪ್ರಶ್ನಾವಳಿ ತುಂಬುತ್ತಾರೆ: ರಕ್ತ ಇದೆಯೇ, ಬೈಗುಳ ಇದೆಯೇ, ಜೂಜು ಇದೆಯೇ. ಉತ್ತರ ನೋಡಿ ಕಂಪ್ಯೂಟರು ಪ್ರತಿ ಪ್ರದೇಶಕ್ಕೂ ಒಂದು ಸಂಖ್ಯೆ ಕೊಡುತ್ತದೆ. ಹಾಗಾಗಿಯೇ ಒಂದೇ ಆಟಕ್ಕೆ ಜರ್ಮನಿಯಲ್ಲೊಂದು ವಯಸ್ಸು, ಇಲ್ಲೊಂದು ವಯಸ್ಸು. ಪೂರ್ತಿ ಆಟವನ್ನು ಯಾರೋ ಕೂತು ಆಡಿ ಅಂಕ ಹಾಕಿದ್ದಾರೆ ಎಂದುಕೊಂಡರೆ ತಪ್ಪು. ಇನ್ನೊಂದು ಮಾತು: ಸಂಖ್ಯೆ ಅಳೆಯುವುದು ಮುಖ್ಯವಾಗಿ ಕಣ್ಣಿಗೆ ಕಾಣುವುದನ್ನು, ಕಿವಿಗೆ ಕೇಳುವುದನ್ನು. ಪಬ್ಜಿಯ ರೂಪಾಂತರವಾದ ಬಿಜಿಎಂಐ ಆಟ ಭಾರತಕ್ಕೆಂದು 2021ರಲ್ಲಿ ಬಂದಾಗ ಕೆಂಪು ರಕ್ತ ಹಸಿರಾಯಿತು. ಆದರೆ ನೂರು ಜನ ಒಂದು ದ್ವೀಪಕ್ಕೆ ಇಳಿದು ಕೊನೆಗೆ ಒಬ್ಬ ಉಳಿಯುವ ಆಟದ ಸೆಳೆತ ಹಸಿರಾಗಲಿಲ್ಲ.

ಇನ್ನು ಹಿಂಸೆಯ ಲೆಕ್ಕ. ಪ್ರಯೋಗಾಲಯದಲ್ಲಿ ಸಿಟ್ಟನ್ನು ಅಳೆಯುವ ಬಗೆ ಸ್ವಲ್ಪ ತಮಾಷೆಯಾಗಿದೆ. ಹೊಡೆದಾಟದ ಆಟ ಆಡಿ ಬಂದವನಿಗೆ ಕಾಣದ ಎದುರಾಳಿಯ ಕಿವಿಗೆ ಕರ್ಕಶ ಶಬ್ದ ಬಿಡುವ ಅವಕಾಶ ಕೊಡುತ್ತಾರೆ. ಎಷ್ಟು ಜೋರಾಗಿ, ಎಷ್ಟು ಹೊತ್ತು ಬಿಟ್ಟ ಎಂಬುದೇ ಅವನ ಸಿಟ್ಟು. ಆಟ ಮುಗಿದ ಹತ್ತು ನಿಮಿಷದ ಬಿಸಿ ಇದರಲ್ಲಿ ಕಂಡೀತು, ಸ್ವಭಾವ ಕಾಣುವುದಿಲ್ಲ. ತಿಂಗಳು, ವರ್ಷ ಹಿಂಬಾಲಿಸಿದ ಅಧ್ಯಯನಗಳು ಇದಕ್ಕಿಂತ ಗಟ್ಟಿ. ಅಂಥ 24 ಅಧ್ಯಯನಗಳ 17,000ಕ್ಕೂ ಹೆಚ್ಚು ಮಂದಿಯನ್ನು ಒಟ್ಟುಗೂಡಿಸಿ 2018ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ಹಿಂಸೆಯ ಆಟಕ್ಕೂ ಮುಂದಿನ ದಿನಗಳ ಹೊಡೆದಾಟಕ್ಕೂ ನಂಟು ಸಿಕ್ಕಿತು. ಪೂರ್ತಿ ನಂಟನ್ನು 1 ಎಂದುಕೊಂಡರೆ ಅದರ ಅಳತೆ ಸುಮಾರು 0.1. ಇದನ್ನು ವರ್ಗ ಮಾಡಿದರೆ 0.01. ಅಂದರೆ ಮಕ್ಕಳ ನಡುವಿನ ವ್ಯತ್ಯಾಸದಲ್ಲಿ ಆಟದ ಪಾಲು ನೂರಕ್ಕೆ ಒಂದರಷ್ಟು. 2019ರಲ್ಲಿ ಬ್ರಿಟನ್ನಿನ 14-15ರ ಸುಮಾರು ಸಾವಿರ ಮಕ್ಕಳ ಅಧ್ಯಯನ ನಡೆಯಿತು. ಯಾವ ಆಟ ಹಿಂಸೆಯದು ಎಂಬುದನ್ನು ಮಕ್ಕಳ ಬಾಯಿಂದ ಕೇಳದೆ ಅಧಿಕೃತ ರೇಟಿಂಗಿನಿಂದ ತೆಗೆದುಕೊಂಡರು, ಸಿಟ್ಟಿನ ವಿಚಾರವನ್ನು ತಂದೆತಾಯಿಯರನ್ನು ಕೇಳಿದರು. ನಂಟೇ ಸಿಗಲಿಲ್ಲ. ಅಮೆರಿಕದ ಮನೋವಿಜ್ಞಾನ ಸಂಘ 2020ರಲ್ಲಿ ಹೇಳಿದ್ದು ಇವೆರಡರ ನಡುವಿನ ಮಾತು: ಕೂಗಾಟ, ತಳ್ಳಾಟದೊಂದಿಗೆ ಸಣ್ಣ ನಂಟು ಇದೆ; ಕೊಲೆ, ಹಲ್ಲೆಗಳಿಗೆ ಆಟವನ್ನು ಹೊಣೆ ಮಾಡಲು ಆಧಾರ ಸಾಲದು.

ಹಾಗೆಂದು ಐದು ವರ್ಷದ ಮಗುವನ್ನು ಅಣ್ಣನ ಪಕ್ಕ ಕೂರಿಸಿ 18ರ ಆಟ ನೋಡಲು ಬಿಡುವುದು ಸರಿಯಲ್ಲ. ಏಳೆಂಟರೊಳಗಿನ ಮಕ್ಕಳು ಪರದೆಯ ಕಥೆಯನ್ನೂ ನಿಜವನ್ನೂ ನಮ್ಮಷ್ಟು ಸಲೀಸಾಗಿ ಬೇರ್ಪಡಿಸುವುದಿಲ್ಲ. ಅಲ್ಲಿ ತೊಂದರೆ ಹಿಂಸೆ ಕಲಿಯುವುದಕ್ಕಿಂತ ಹೆದರಿಕೆ, ಕೆಟ್ಟ ಕನಸು, ಒಬ್ಬರೇ ಬಚ್ಚಲಿಗೆ ಹೋಗಲು ಅಳುವುದು.

ತೂಕ ಎಲ್ಲಿದೆ ಎಂದರೆ, ಮೊದಲನೆಯದು ದುಡ್ಡಿನಲ್ಲಿ. 1998ರಲ್ಲಿ ಲಂಡನ್ನಿನ ಸಂಶೋಧಕರು ಟ್ಯಾಂಕ್ ಓಡಿಸುವ ಆಟ ಆಡುವವರ ಮಿದುಳನ್ನು ಸ್ಕ್ಯಾನ್ ಮಾಡಿದಾಗ ಡೋಪಮಿನ್ ಎಂಬ ಮಿದುಳಿನ ರಾಸಾಯನಿಕ ಬಿಡುಗಡೆಯಾಗುವುದು ಕಂಡಿತ್ತು. ಡೋಪಮಿನ್ ಜಿಲೇಬಿ ತಿಂದರೂ ಬಿಡುಗಡೆಯಾಗುತ್ತದೆ, ಅದರಲ್ಲೇನೂ ಗಾಬರಿಯಿಲ್ಲ. ಗಾಬರಿ ಇರುವುದು ಬಹುಮಾನ ಯಾವಾಗ ಸಿಗುತ್ತದೆ ಎಂಬ ಲೆಕ್ಕದಲ್ಲಿ. ಪ್ರತಿ ಸಲ ಸಿಗುವ ಬಹುಮಾನಕ್ಕೆ ಬೇಗ ಬೇಸರ ಬರುತ್ತದೆ. ಯಾವಾಗ ಸಿಗುತ್ತದೋ ಗೊತ್ತಿಲ್ಲದ ಬಹುಮಾನ ಕೈ ಬಿಡಿಸುವುದಿಲ್ಲ. ಜಾತ್ರೆಯಲ್ಲಿ ರಿಂಗ್ ಎಸೆಯುವ ಅಂಗಡಿ ನಡೆಯುವುದು ಇದೇ ತಂತ್ರದ ಮೇಲೆ. ಆದರೆ ಆ ಅಂಗಡಿ ತೇರು ಮುಗಿದ ಮೇಲೆ ಗಂಟುಕಟ್ಟಿಕೊಂಡು ಹೋಗುತ್ತದೆ. ಫೋನಿನೊಳಗಿನ ಲೂಟ್ ಬಾಕ್ಸು (ಒಳಗೇನಿದೆ ಎಂದು ಗೊತ್ತಿಲ್ಲದೆ ದುಡ್ಡು ಕೊಟ್ಟು ತೆರೆಯುವ ಪೆಟ್ಟಿಗೆ), ಲಕ್ಕಿ ಸ್ಪಿನ್ನು ವರ್ಷವಿಡೀ ತೆರೆದಿರುತ್ತವೆ. ತಡೆಯುವ ಕೆಲಸ ಮಾಡುವ ಹಣೆಯ ಹಿಂದಿನ ಮಿದುಳು ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ, ಆಸೆಯ ಭಾಗ ಹದಿಮೂರಕ್ಕೇ ಸಜ್ಜು. ಬೆಲ್ಜಿಯಂ 2018ರಲ್ಲಿ ಇಂಥ ಪೆಟ್ಟಿಗೆಗಳನ್ನು ಜೂಜೆಂದು ಪರಿಗಣಿಸಿತು.

ಎರಡನೆಯದು ಹೆಡ್‌ಫೋನು. ಆಟಗಾರರ ನಡುವಿನ ಮಾತುಕತೆಗೆ ರೇಟಿಂಗ್ ಇಲ್ಲ. ಇದನ್ನು ಇಎಸ್ಆರ್‌ಬಿಯೇ ಸ್ಪಷ್ಟವಾಗಿ ಬರೆಯುತ್ತದೆ. ಪ್ಲೇ ಸ್ಟೋರಿನಲ್ಲಿ ಸಂಖ್ಯೆಯ ಮೇಲೆ ಒತ್ತಿದರೆ ‘ಯೂಸರ್ಸ್ ಇಂಟರಾಕ್ಟ್’, ‘ಇನ್-ಗೇಮ್ ಪರ್ಚೇಸಸ್’ ಎಂಬ ಸಣ್ಣ ಸಾಲುಗಳು ಕಾಣುತ್ತವೆ. ನಮ್ಮ ಅಭಿಪ್ರಾಯದಲ್ಲಿ ಸಂಖ್ಯೆಗಿಂತ ಆ ಸಾಲುಗಳೇ ಮುಖ್ಯ. 12+ ಎಂದು ಬರೆದ ಆಟದಲ್ಲಿ ಅಪರಿಚಿತ ಗಂಡಸಿನ ದನಿ ಕೇಳಬಹುದು, 18ರ ಆಟವೊಂದು ಇಂಟರ್ನೆಟ್ಟೇ ಇಲ್ಲದೆ ಒಬ್ಬರೇ ಆಡುವಂಥದ್ದಾಗಿರಬಹುದು. ಮೈಕನ್ನು ಆಟದ ಆಡಿಯೊ ಸೆಟ್ಟಿಂಗಿನಲ್ಲೇ ಮುಚ್ಚಬಹುದು, ಅಥವಾ ಗೊತ್ತಿರುವವರ ತಂಡಕ್ಕೆ ಮಾತ್ರ ಸೀಮಿತ ಮಾಡಬಹುದು. ಮಗುವಿಗೆ ಕಲಿಸಬೇಕಾದ ಗುರುತು ಒಂದೇ: ಆಟದಲ್ಲಿ ಪರಿಚಯವಾದವರು ವಾಟ್ಸ್‌ಆ್ಯಪ್ ನಂಬರ್ ಕೇಳಿದರೆ, ಇಲ್ಲವೇ ಪುಕ್ಕಟೆ ಡೈಮಂಡ್ (ಆಟದೊಳಗಿನ ದುಡ್ಡು) ಕೊಡುತ್ತೇವೆ ಪಾಸ್‌ವರ್ಡ್ ಕೊಡು ಎಂದರೆ, ಅಲ್ಲಿಗೇ ನಿಲ್ಲಿಸಿ ಮನೆಯಲ್ಲಿ ಹೇಳುವುದು.

ಮೂರನೆಯದು ನಿದ್ದೆ. 13ರಿಂದ 18ರವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಈ ವಯಸ್ಸಿನಲ್ಲಿ ದೇಹದ ಗಡಿಯಾರ ತಾನಾಗಿಯೇ ಹಿಂದೆ ಸರಿದು ನಿದ್ದೆ ತಡವಾಗಿ ಬರುತ್ತದೆ. ಮಲೆನಾಡಿನ ಹಳ್ಳಿಗಳಲ್ಲಿ ಸಂಜೆ ಒದ್ದಾಡುವ ನೆಟ್‌ವರ್ಕ್, ಟವರಿನ ಮೇಲಿನ ಒತ್ತಡ ಇಳಿದ ಮೇಲೆ ರಾತ್ರಿ ಸರಾಗವಾಗುತ್ತದೆ. ಆಟವೂ ಆಗಲೇ ಕಳೆಗಟ್ಟುತ್ತದೆ. ಬೆಳಿಗ್ಗೆ ಏಳಕ್ಕೆ ಎಸ್ಟೇಟ್ ಗೇಟಿನ ಬಳಿ ಸ್ಕೂಲ್ ವ್ಯಾನ್ ಬಂದು ನಿಲ್ಲುವ ಮನೆಯಲ್ಲಿ ಇದು ರಕ್ತದ ಬಣ್ಣಕ್ಕಿಂತ ದೊಡ್ಡ ವಿಷಯ.

ಕಾನೂನು ಕೈಹಿಡಿದೀತೇ? ನಮ್ಮಲ್ಲಿ ಸಿನಿಮಾಕ್ಕೆ, 2021ರಿಂದ ಓಟಿಟಿಗೆ ವಯಸ್ಸಿನ ಮೆಟ್ಟಿಲುಗಳಿವೆ. ವಿಡಿಯೊ ಗೇಮಿಗೆ ಅಂಥ ಸರ್ಕಾರಿ ಪ್ರಮಾಣಪತ್ರ ಇಲ್ಲ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದ್ದು ಹಣ ಕಟ್ಟಿ ಆಡುವ ಆಟಗಳನ್ನು. ಚೀನಾ 2021ರಲ್ಲಿ ಅಪ್ರಾಪ್ತರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನ ರಾತ್ರಿ 8ರಿಂದ 9 ಮಾತ್ರ ಎಂದಿತು. ಅಮೆರಿಕದ ಸುಪ್ರೀಂ ಕೋರ್ಟ್ 2011ರಲ್ಲಿ ಹಿಂಸೆಯ ಆಟವನ್ನು ಮಕ್ಕಳಿಗೆ ಮಾರುವುದನ್ನು ತಡೆದ ಕ್ಯಾಲಿಫೋರ್ನಿಯಾ ಕಾನೂನನ್ನೇ ರದ್ದು ಮಾಡಿತು. ಎರಡೂ ನಮಗೆ ಒಗ್ಗುವ ಅಂಗಿಯಲ್ಲ.

ಹಾಗಾದರೆ ಮನೆಯಲ್ಲಿ ಏನು? 12ರೊಳಗೆ 16, 18ರ ಆಟ ಬೇಡ, ಇದರಲ್ಲಿ ಚೌಕಾಸಿ ಇಲ್ಲ. 13ರಿಂದ 15ಕ್ಕೆ 16ರ ಆಟ ಕೇಳಿದರೆ ನೀವೇ ಅರ್ಧ ಗಂಟೆ ಪಕ್ಕದಲ್ಲಿ ಕೂತು ನೋಡಿ. ಮೈಕ್ ಬಂದ್, ಖರೀದಿ ಬಂದ್ ಎಂಬ ಷರತ್ತಿನ ಮೇಲೆ ಬಿಡಬಹುದು. 16 ದಾಟಿದವನು ಕಥೆಯುಳ್ಳ, ಒಬ್ಬನೇ ಆಡುವ 18ರ ಆಟ ಆಡಿದರೆ ಆಕಾಶ ಬೀಳುವುದಿಲ್ಲ. ಅದೇ ವಯಸ್ಸಿನವನು ರಾತ್ರಿ ಒಂದರವರೆಗೆ 12+ ಆಟದಲ್ಲಿ ಸ್ಪಿನ್ ತಿರುಗಿಸುತ್ತಿದ್ದರೆ ಚಿಂತಿಸಬೇಕು.

ಫೋನಿನ ಕೆಲಸ ಐದು ನಿಮಿಷದ್ದು. ಪ್ಲೇ ಸ್ಟೋರ್ ತೆರೆದು ಮೇಲಿನ ಪ್ರೊಫೈಲ್ ಚಿತ್ರ ಒತ್ತಿ, ಸೆಟ್ಟಿಂಗ್ಸ್, ಫ್ಯಾಮಿಲಿ, ಪೇರೆಂಟಲ್ ಕಂಟ್ರೋಲ್ಸ್. ಅದನ್ನು ಆನ್ ಮಾಡಿ ಪಿನ್ ಹಾಕಿ, ‘ಆ್ಯಪ್ಸ್ ಆ್ಯಂಡ್ ಗೇಮ್ಸ್’ನಲ್ಲಿ ವಯಸ್ಸು ಆರಿಸಿ ಸೇವ್ ಮಾಡಿ. ಪಿನ್ ಆಗಿ ಮಗುವಿನ ಹುಟ್ಟಿದ ವರ್ಷ ಹಾಕುವವರೇ ಜಾಸ್ತಿ, ಮಗು ಮೊದಲು ಒತ್ತುವುದೂ ಅದನ್ನೇ. ಇಷ್ಟಾದರೂ ಎರಡು ತೂತು ಉಳಿಯುತ್ತವೆ. ಈಗಾಗಲೇ ಇಳಿಸಿದ ಆಟಕ್ಕೆ ಈ ಬೀಗ ತಾಗುವುದಿಲ್ಲ, ಅದನ್ನು ಕೈಯಾರೆ ತೆಗೆಯಬೇಕು. ಎಪಿಕೆ ಫೈಲು ಪ್ಲೇ ಸ್ಟೋರಿನ ಬಾಗಿಲಿಗೇ ಬರುವುದಿಲ್ಲ. ಅದಕ್ಕೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಎಂದು ಹುಡುಕಿ ಕ್ರೋಮ್, ವಾಟ್ಸ್‌ಆ್ಯಪ್, ಫೈಲ್ ಮ್ಯಾನೇಜರ್ ಮೂರಕ್ಕೂ ಅನುಮತಿ ತೆಗೆಯಿರಿ.

ದುಡ್ಡಿನ ಬೀಗ ಬೇರೆ. ಪ್ಲೇ ಸ್ಟೋರಿನ ಸೆಟ್ಟಿಂಗ್‌ನಲ್ಲೇ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಬಹುದು. ಯುಪಿಐ ಪಿನ್ ಮಾತ್ರ ಎಡವಟ್ಟಿನ ಜಾಗ, ಏಕೆಂದರೆ ಅಜ್ಜನಿಗೆ ರೀಚಾರ್ಜ್ ಮಾಡಿಕೊಡುವವನು ಮೊಮ್ಮಗನೇ. ಆ ಪಿನ್ ಬದಲಾಯಿಸಿ, ತಾನಾಗಿ ಹಣ ಕಡಿತವಾಗುವ ಆಟೋಪೇ ಪಟ್ಟಿಯಲ್ಲಿ ಗೊತ್ತಿಲ್ಲದ್ದೇನಾದರೂ ಇದೆಯೇ ನೋಡಿ. ಆಟಕ್ಕೆ ಖರ್ಚು ಮಾಡಲು ಬಿಡುವುದೇ ಆದರೆ ಗೊತ್ತಾದ ಮೊತ್ತದ ಪ್ಲೇ ಗಿಫ್ಟ್ ಕೋಡ್ ಕೊಡಿಸಿ; ಮುಗಿದರೆ ಮುಗಿಯಿತು. ತಿಳಿಯದೆ ಖರೀದಿ ಆಗಿಹೋಗಿದ್ದರೆ 48 ಗಂಟೆಯೊಳಗೆ ಗೂಗಲ್‌ನಲ್ಲಿ ಮರುಪಾವತಿ ಕೇಳುವುದು ಸುಲಭ. ವಂಚನೆಯಾಗಿ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಸಮಯದ ವಿಚಾರದಲ್ಲಿ ದೊಡ್ಡವರು ಮಾಡುವ ತಪ್ಪು, ಆಟದ ನಡುವೆ ಫೋನ್ ಕಸಿಯುವುದು. ಬಿಜಿಎಂಐಯಂಥ ಬ್ಯಾಟಲ್ ರಾಯಲ್‌ನ, ಅಂದರೆ ಕೊನೆಗೆ ಉಳಿದವರೇ ಗೆಲ್ಲುವ ಆಟದ ಒಂದು ಮ್ಯಾಚ್ ಕೊನೆತನಕ ಹೋದರೆ ಅರ್ಧ ಗಂಟೆ ಹಿಡಿಯುತ್ತದೆ, ನಡುವೆ ನಿಲ್ಲಿಸಿಡುವಂತಿಲ್ಲ, ಬಿಟ್ಟು ಹೋದರೆ ತಂಡದ ಮೂವರು ಬೈಯುತ್ತಾರೆ. ‘ಎಂಟೂವರೆಗೆ ಮುಗಿಸು’ ಎನ್ನುವ ಬದಲು ‘ಎಂಟರ ಮೇಲೆ ಹೊಸ ಮ್ಯಾಚ್ ಶುರು ಮಾಡಬೇಡ’ ಎಂದರೆ ಜಗಳ ಅರ್ಧಕ್ಕಿಳಿಯುತ್ತದೆ. ರಾತ್ರಿ ಚಾರ್ಜರ್ ಇರಬೇಕಾದ್ದು ಹಜಾರದಲ್ಲಿ, ಮಂಚದ ಪಕ್ಕದಲ್ಲಲ್ಲ.

ಹೆಚ್ಚು ಆಡುವುದೆಲ್ಲ ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ 2022ರಿಂದ ಜಾರಿಯಲ್ಲಿರುವ ಗೇಮಿಂಗ್ ಡಿಸಾರ್ಡರ್‌ಗೆ ಮೂರು ಲಕ್ಷಣ ಬೇಕು: ಹಿಡಿತ ತಪ್ಪುವುದು, ಊಟ, ಓದು, ಗೆಳೆಯರಿಗಿಂತ ಆಟ ಮೇಲಾಗುವುದು, ನಷ್ಟ ಕಣ್ಣಿಗೆ ಕಂಡರೂ ಮುಂದುವರಿಸುವುದು. ಇದರಿಂದ ಬದುಕು ಹಳಿ ತಪ್ಪಿ, ಸಾಮಾನ್ಯವಾಗಿ 12 ತಿಂಗಳು ನಡೆದಿರಬೇಕು. ಮಳೆ ರಜೆಯ ಒಂದು ವಾರ ಇದಕ್ಕೆ ಸೇರುವುದಿಲ್ಲ. ಅನುಮಾನವಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆ, ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ಇದಕ್ಕೆಂದೇ ಶಟ್ ಕ್ಲಿನಿಕ್ ನಡೆಸುತ್ತಿದೆ. ಹೋಗುವಾಗ ಫೋನಿನ ‘ಡಿಜಿಟಲ್ ವೆಲ್‌ಬೀಯಿಂಗ್’ನಲ್ಲಿ ಒಂದು ವಾರದ ಲೆಕ್ಕ ತೆಗೆದು, ಯಾವ ಆಟ, ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎಷ್ಟು ಗಂಟೆಯವರೆಗೆ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ವೈದ್ಯರು ಮೊದಲು ಕೇಳುವುದೇ ಅದನ್ನು.