ಸಂದರ್ಶನದ ಕೊನೆಗೆ ನಾವು ಏನು ಕೇಳಬೇಕು?

ಪ್ರಶ್ನೆ: ಬಿ.ಕಾಂ. ಮುಗಿಸಿ ಶಿವಮೊಗ್ಗದ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದೇನೆ. ಈಗ ಬೆಂಗಳೂರಿನ ಕಂಪನಿಗಳ ಅಕೌಂಟ್ಸ್ ವಿಭಾಗಗಳಿಗೆ ಅರ್ಜಿ ಹಾಕುತ್ತಿದ್ದೇನೆ. ಸಂದರ್ಶನ ಮುಗಿಯುವಾಗ "ನಿಮ್ಮದೇನಾದರೂ ಪ್ರಶ್ನೆ ಇದೆಯೇ?" ಎನ್ನುತ್ತಾರೆ. ಕೇಳಿದರೆ ಅಧಿಕಪ್ರಸಂಗ ಎನಿಸೀತೆಂದು "ಇಲ್ಲ ಸರ್" ಎಂದು ಎದ್ದು ಬರುತ್ತೇನೆ. ಏನು ಕೇಳಬಹುದು?

ಉತ್ತರ: ದೊಡ್ಡವರಿಗೆ ಎದುರು ಪ್ರಶ್ನೆ ಹಾಕಬಾರದೆಂದು ಮನೆಯಲ್ಲೂ ಶಾಲೆಯಲ್ಲೂ ಕಲಿತು ಬಂದವರಿಗೆ ಈ ಅಳುಕು ಸಹಜ. "ಇಲ್ಲ ಸರ್" ಎಂದ ಮಾತ್ರಕ್ಕೆ ಯಾರೂ ನಿಮ್ಮನ್ನು ತಿರಸ್ಕರಿಸುವುದಿಲ್ಲ. ಆದರೆ ಮುಂದಿನ ಎರಡು ಮೂರು ವರ್ಷ ದಿನಕ್ಕೆ ಒಂಬತ್ತು ಗಂಟೆ ಕಳೆಯಬೇಕಾದ ಜಾಗದ ಬಗ್ಗೆ ತಿಳಿಯಲು ಸಿಕ್ಕ ಐದು ನಿಮಿಷ ವ್ಯರ್ಥವಾಗುತ್ತದೆ. ಯಾವ ಪ್ರಶ್ನೆಯ ಉತ್ತರ ಕೇಳಿ ನೀವು ಆ ಕೆಲಸವನ್ನು ಒಪ್ಪುವ ಅಥವಾ ಬಿಡುವ ನಿರ್ಧಾರ ಬದಲಾಗಬಹುದೋ ಅದನ್ನೇ ಕೇಳಿ. ಮೆಚ್ಚಿಸುವುದಕ್ಕೆಂದು ಬಾಯಿಪಾಠ ಮಾಡಿದ ಪ್ರಶ್ನೆ ಎದುರಿಗೆ ಕುಳಿತವರಿಗೆ ತಕ್ಷಣ ಗೊತ್ತಾಗುತ್ತದೆ.

ಎದುರಿಗಿರುವವರು ವಿಭಾಗದ ಮುಖ್ಯಸ್ಥರಾಗಿದ್ದರೆ ಕೆಲಸದ ಬಗ್ಗೆ ಕೇಳಿ. ಟಿ.ಡಿ.ಎಸ್. (ಹಣ ಕೊಡುವಾಗಲೇ ಮುರಿದುಕೊಂಡ ತೆರಿಗೆ) ಕಟ್ಟುವ 7ನೇ ತಾರೀಖು, ಮಾರಾಟದ ಜಿ.ಎಸ್.ಟಿ. ವಿವರವಾದ ಜಿ.ಎಸ್.ಟಿ.ಆರ್.-1 ಸಲ್ಲಿಸುವ 11, ತಿಂಗಳ ಜಿ.ಎಸ್.ಟಿ. ಲೆಕ್ಕವಾದ ಜಿ.ಎಸ್.ಟಿ.ಆರ್.-3ಬಿ ಸಲ್ಲಿಸುವ 20 ನಿಮಗೆ ಕಂಠಪಾಠವಾಗಿರುತ್ತವೆ. "ಈ ಮೂರರಲ್ಲಿ ನನ್ನ ಪಾಲಿಗೆ ಬರುವುದು ಯಾವುದು, ನಾನು ಸಿದ್ಧಪಡಿಸಿದ್ದನ್ನು ಪರಿಶೀಲಿಸುವವರು ಯಾರು?" ಎಂದು ಕೇಳಿದರೆ ನಿಮಗೆ ಕೆಲಸ ಗೊತ್ತೆಂಬುದು ಅವರಿಗೆ ತಿಳಿಯುತ್ತದೆ; ಅಲ್ಲಿ ಇಡೀ ವಿಭಾಗದ ಹೊರೆ ಒಬ್ಬರ ತಲೆಯ ಮೇಲಿದೆಯೇ ಎಂಬುದು ನಿಮಗೆ ತಿಳಿಯುತ್ತದೆ.

ನಾನು ಅತ್ಯಂತ ಮುಖ್ಯವೆಂದು ಭಾವಿಸುವ ಪ್ರಶ್ನೆ ಇನ್ನೊಂದಿದೆ: "ಇದು ಹೊಸ ಹುದ್ದೆಯೇ, ಅಥವಾ ಯಾರಾದರೂ ಬಿಟ್ಟುಹೋದ ಜಾಗವೇ?" ಹಿಂದೆ ನಾನು ಸಂದರ್ಶಕನಾಗಿ ಕುಳಿತಿದ್ದ ಒಂದು ಕಡೆ ಅಭ್ಯರ್ಥಿಯೊಬ್ಬಳು ಇದನ್ನು ಕೇಳಿದಾಗ, ನನ್ನ ಪಕ್ಕದಲ್ಲಿದ್ದ ಮ್ಯಾನೇಜರು ಪೆನ್ನಿನ ಮುಚ್ಚಳವನ್ನು ತೆಗೆದು ಮತ್ತೆ ಹಾಕಿದರು, ಎಚ್.ಆರ್. (ಸಿಬ್ಬಂದಿ ವಿಭಾಗದ) ಅಧಿಕಾರಿ ನೀರಿನ ಲೋಟಕ್ಕೆ ಕೈ ಹಾಕಿದರು. ಒಂದೇ ವರ್ಷದಲ್ಲಿ ಇಬ್ಬರು ಬಿಟ್ಟುಹೋಗಿದ್ದ ಕುರ್ಚಿ ಅದು. ಯಾರೂ ಸುಳ್ಳು ಹೇಳಲಿಲ್ಲ, ನಿಜವನ್ನೂ ಪೂರ್ತಿ ಹೇಳಲಿಲ್ಲ. ಆದರೂ ಆಕೆಗೆ ಬೇಕಾದ ಉತ್ತರ ಸಿಕ್ಕಿತು.

ಸಂಬಳದ ವಿಚಾರವನ್ನು ಎಚ್.ಆರ್. ಜೊತೆಗಿನ ಸಂದರ್ಶನಕ್ಕೆ ಇಟ್ಟುಕೊಳ್ಳಿ, ಆದರೆ ಅಲ್ಲಿ ಸಂಕೋಚ ಬೇಡ. ಲೆಕ್ಕದವರಾದ ನಿಮಗೆ ಬಿಡಿಸಿ ಹೇಳಬೇಕಿಲ್ಲ, ಬೇರೆ ಓದುಗರಿಗಾಗಿ ಹೇಳುತ್ತೇನೆ. ವರ್ಷಕ್ಕೆ 4.8 ಲಕ್ಷ ಸಿ.ಟಿ.ಸಿ. (ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಎಂದರೆ ತಿಂಗಳಿಗೆ 40 ಸಾವಿರ ಕೈಗೆ ಬರುವುದಿಲ್ಲ. ಮೂಲವೇತನ 20 ಸಾವಿರವೆಂದೂ ಅದರ ಪೂರ್ತಿಯ ಮೇಲೆ ಪಿ.ಎಫ್. ಕಟ್ಟುತ್ತಾರೆಂದೂ ಇಟ್ಟುಕೊಂಡರೆ ಕಂಪನಿಯ ಪಾಲಿನ 2,400, ನಿಮ್ಮ ಪಾಲಿನ 2,400, ಗ್ರಾಚ್ಯುಟಿಗೆಂದು (ವರ್ಷಗಳ ಸೇವೆಯ ನಂತರ ಕೆಲಸ ಬಿಡುವಾಗ ಕೊಡುವ ಇಡುಗಂಟು) ತೋರಿಸುವ ಸುಮಾರು 960, ವೃತ್ತಿ ತೆರಿಗೆ 200 ಕಳೆದು ಉಳಿಯುವುದು ಸುಮಾರು 34 ಸಾವಿರ. ಇದರಲ್ಲಿ ಒಂದು ಭಾಗವನ್ನು ವರ್ಷದ ಕೊನೆಯ 'ವೇರಿಯಬಲ್' (ಕೆಲಸ ನೋಡಿ ಹೆಚ್ಚು ಕಡಿಮೆ ಕೊಡುವ ಮೊತ್ತ) ಎಂದು ಬೇರೆ ಇಟ್ಟಿದ್ದರೆ ಇನ್ನೂ ಕಡಿಮೆ. ಆದ್ದರಿಂದ "ಕೈಗೆ ಸಿಗುವುದೆಷ್ಟು, ವೇರಿಯಬಲ್ ಎಷ್ಟು?" ಎಂದು ನೇರವಾಗಿ ಕೇಳುವುದು ಯಾವ ರೀತಿಯಲ್ಲೂ ದುರಾಸೆಯಲ್ಲ.

ಜೊತೆಗೆ ನೋಟಿಸ್ ಅವಧಿ ಎಷ್ಟು, ಬಾಂಡ್ (ಇಂತಿಷ್ಟು ವರ್ಷಕ್ಕೆ ಮೊದಲು ಬಿಟ್ಟರೆ ಹಣ ಕಟ್ಟುತ್ತೇನೆಂಬ ಕರಾರು) ಇದೆಯೇ, ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುತ್ತಾರೆಯೇ ಎಂಬುದನ್ನೂ ಕೇಳಿ. ಬಾಂಡ್ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಸ್ನೇಹಿತರು ಧೈರ್ಯ ಹೇಳುತ್ತಾರೆ. ಅದನ್ನು ನಂಬಿ ಸಹಿ ಹಾಕಬೇಡಿ. ನಮ್ಮ ಮಂಗಳೂರಿನಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಂದಿಗೆ ವಿಲೀನವಾದ ವಿಜಯಾ ಬ್ಯಾಂಕಿನ ಪ್ರಕರಣವೊಂದರಲ್ಲಿ, 3 ವರ್ಷಕ್ಕೆ ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಅದು ಸಾರ್ವಜನಿಕ ವಲಯದ ಬ್ಯಾಂಕಾಗಿದ್ದರಿಂದ ನೇಮಕಾತಿಯ ಖರ್ಚಿನಂಥ ಕಾರಣಗಳಿಗೆ ತೂಕ ಬಂತು; ಎಲ್ಲ ಬಾಂಡಿಗೂ ಅದೇ ನ್ಯಾಯ ಎನ್ನಲಾಗದಿದ್ದರೂ, ಎಲ್ಲ ಬಾಂಡೂ ಬರೀ ಕಾಗದ ಎನ್ನಲೂ ಆಗದು.

ಕಂಪನಿಯ ವೆಬ್‌ಸೈಟಿನಲ್ಲೇ ಇರುವುದನ್ನು ಕೇಳಬೇಡಿ. "ನಾನು ಆಯ್ಕೆಯಾದೆನೇ?" ಎಂದು ಅಲ್ಲಿಯೇ ಕೇಳಿ ಅವರನ್ನು ಇಕ್ಕಟ್ಟಿಗೆ ಸಿಲುಕಿಸುವುದೂ ಬೇಡ. ಅದರ ಬದಲು, "ಉತ್ತರವನ್ನು ಯಾವ ದಿನದೊಳಗೆ ನಿರೀಕ್ಷಿಸಬಹುದು, ಅಷ್ಟರಲ್ಲಿ ಬಾರದಿದ್ದರೆ ಯಾರಿಗೆ ಫೋನ್ ಮಾಡಲಿ?" ಎಂದು ಕೇಳಿ, ಅವರು ಹೇಳಿದ ಹೆಸರನ್ನೂ ದಿನಾಂಕವನ್ನೂ ಅವರೆದುರಿಗೇ ಬರೆದುಕೊಳ್ಳಿ.