ತಕ್ಕ ಸಹಪಾಠಿಯನ್ನು ಹುಡುಕುವ ಲೆಕ್ಕ: ಕಲಿಕಾರ್ಥಿ ಮಾದರಿಯ ಕುರಿತು ಟಿಪ್ಪಣಿ

ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಗೆಳೆಯರಲ್ಲಿ, ರೈಲಿನ ವೇಗದ ಲೆಕ್ಕಕ್ಕೆ ಯಾರನ್ನು ಕೇಳಬೇಕು, ಸಂವಿಧಾನದ ವಿಧಿಗಳಿಗೆ ಯಾರನ್ನು ಕೇಳಬೇಕು ಎಂಬುದು ತಿಂಗಳೊಪ್ಪತ್ತಿನಲ್ಲಿ ಎಲ್ಲರಿಗೂ ತಿಳಿದುಬಿಡುತ್ತದೆ. ಮುಖಪರಿಚಯವಿಲ್ಲದ ಆನ್‌ಲೈನ್ ತರಗತಿಯಲ್ಲಿ ಈ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಬೇಕಾದರೆ, ಯಾರಿಗೆ ಏನು ಬರುತ್ತದೆ ಎಂಬ ಅಂದಾಜು ಅದರ ಬಳಿ ಇರಬೇಕು. ಆ ಅಂದಾಜಿನ ಹೆಸರೇ ಕಲಿಕಾರ್ಥಿ ಮಾದರಿ.

ವಿಷಯವನ್ನು ಸಣ್ಣ ಪರಿಕಲ್ಪನೆಗಳಾಗಿ ಒಡೆದು, ಬರುವುದಕ್ಕೂ ಬಾರದ್ದಕ್ಕೂ ಗುರುತು ಹಾಕುವುದು ಇದರ ಸರಳ ರೂಪ. ಆದರೆ ನಾಲ್ಕು ಆಯ್ಕೆಗಳ ಪ್ರಶ್ನೆಯಲ್ಲಿ ಊಹೆಗೂ ಅಂಕ ಬೀಳುತ್ತದೆಯಾದ್ದರಿಂದ ಬರೀ ಗುರುತು ಸಾಲದು. 1990ರ ದಶಕದಲ್ಲಿ ಸಂಶೋಧಕರಾದ ಕಾರ್ಬೆಟ್ ಮತ್ತು ಆಂಡರ್ಸನ್ ರೂಪಿಸಿದ ಬೇಸಿಯನ್ ವಿಧಾನವು, ಎಂದರೆ ಹೊಸ ಉತ್ತರ ಬಂದಂತೆಲ್ಲ ಹಳೆಯ ಅಂದಾಜನ್ನು ತಿದ್ದುವ ವಿಧಾನವು, ಈ ತೊಡಕನ್ನು ಸಂಭವನೀಯತೆಯಿಂದ ಬಿಡಿಸುತ್ತದೆ. ಒಬ್ಬರಿಗೆ ವಿಷಯ ಬರುವ ಸಂಭವ 0.4, ಬಾರದಿದ್ದರೂ ಊಹೆ ಫಲಿಸುವ ಸಂಭವ 0.2, ಬಂದರೂ ಕೈತಪ್ಪುವ ಸಂಭವ 0.1 ಎಂದಿಟ್ಟುಕೊಳ್ಳೋಣ. ಉತ್ತರ ಸರಿಯಾದರೆ, ತಿಳಿದು ಬರೆದ ಪಾಲು 0.4 × 0.9 = 0.36, ಊಹೆಯ ಪಾಲು 0.6 × 0.2 = 0.12, ಒಟ್ಟು 0.48ರಲ್ಲಿ 0.36 ಎಂದರೆ ಹೊಸ ಅಂದಾಜು 0.75. ಉತ್ತರ ತಪ್ಪಾದರೆ ಅದು ಸುಮಾರು 0.08ಕ್ಕೆ ಇಳಿಯುತ್ತದೆ. ಪ್ರತಿ ಪ್ರಯತ್ನದಲ್ಲೂ ಹೊಸದಾಗಿ ಕಲಿಯುವ ಸಂಭವವನ್ನು ಇದಕ್ಕೆ ಆಮೇಲೆ ಕೂಡಿಸಲಾಗುತ್ತದೆ.

ಇನ್ನು ಜೋಡಿಸುವ ಮಾತು. ಅತಿ ಹೆಚ್ಚು ಅಂದಾಜು ಇದ್ದವರ ಬಳಿಗೇ ಎಲ್ಲರನ್ನೂ ಕಳಿಸಿದರೆ, ಆ ಒಬ್ಬರು ತಮ್ಮ ಓದು ಬಿಟ್ಟು ಕೂರಬೇಕಾಗುತ್ತದೆ. ಎರಡನೆಯ ವಾರಕ್ಕೆ ಅವರು ಉತ್ತರಿಸುವುದನ್ನೇ ನಿಲ್ಲಿಸಿದರೆ ಅದು ಅವರ ತಪ್ಪಲ್ಲ. ಕೆನಡಾದ ಸಸ್ಕ್ಯಾಚೆವಾನ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಐ-ಹೆಲ್ಪ್ ವ್ಯವಸ್ಥೆಯಲ್ಲಿ ಪ್ರತಿಯೊಬ್ಬರ ಪರವಾಗಿ ಒಂದು ತಂತ್ರಾಂಶ ಪ್ರತಿನಿಧಿ ಚೌಕಾಸಿ ನಡೆಸಿ, ಬಿಡುವೂ ಮನಸ್ಸೂ ಇರುವವರನ್ನು ಹುಡುಕುತ್ತಿತ್ತು. ನನ್ನ ಮಟ್ಟಿಗೆ, 0.98 ಇರುವವರಿಗಿಂತ ಹೋದ ತಿಂಗಳಷ್ಟೇ ಅದೇ ಲೆಕ್ಕದಲ್ಲಿ ಎಡವಿ ಈಗ 0.85 ತಲುಪಿದವರೇ ಮೇಲು, ಏಕೆಂದರೆ ಎಡವಿದ ಜಾಗ ಅವರಿಗಿನ್ನೂ ನೆನಪಿರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಕನ್ನಡದಲ್ಲೇ ಬಿಡಿಸಿ ಹೇಳುವವರು ಸಿಗಬೇಕೆಂಬುದನ್ನೂ ಮಾದರಿಯಲ್ಲಿ ಸೇರಿಸಬೇಕು.

ನೆರವಿನ ನಂತರ ‘ತಿಳಿಯಿತೇ?’ ಎಂದು ಕೇಳಿದರೆ ಸಂಕೋಚದವರು ಹೌದೆಂದೇ ಹೇಳುತ್ತಾರೆ. ಆದ್ದರಿಂದ ಅದೇ ಬಗೆಯ ಇನ್ನೊಂದು ಪ್ರಶ್ನೆ ಕೊಟ್ಟು, ಬಂದ ಉತ್ತರವನ್ನು ಮೇಲಿನ ಲೆಕ್ಕಕ್ಕೇ ಮತ್ತೆ ಊಡಿಸಬೇಕು.