ಎದುರಾಳಿಯನ್ನು ಕೊಂಡ ಮೇಲೆ

ಪರಸ್ಪರ ಪೈಪೋಟಿ ನಡೆಸುತ್ತಿದ್ದ ಎರಡು ಕ್ರೀಡಾ ಉಡುಪು ಕಂಪನಿಗಳು ಒಂದಾಗುವ ಪ್ರಸ್ತಾವ ಪರಿಶೀಲನೆಗೆ ಬಂದಾಗ ನಾನು ಮೊದಲು ತೆರೆಯುವುದು ಬ್ಯಾಲೆನ್ಸ್ ಶೀಟನ್ನಲ್ಲ, ಲೀಗ್‌ಗಳು ಮತ್ತು ತಂಡಗಳೊಂದಿಗಿನ ಒಪ್ಪಂದಗಳ ಕಡತವನ್ನು. ಒಪ್ಪಂದದ ಅವಧಿ ಎಂದಿಗೆ ಮುಗಿಯುತ್ತದೆ, ಮಾಲೀಕತ್ವ ಬದಲಾದರೆ ಅದನ್ನು ರದ್ದುಪಡಿಸುವ ಹಕ್ಕು ಎದುರು ಪಕ್ಷಕ್ಕೆ ಇದೆಯೇ ಎಂಬ ಎರಡು ಷರತ್ತುಗಳು ಕೊಳ್ಳಲಿರುವ ಬ್ರ್ಯಾಂಡಿನ ಬೆಲೆಯನ್ನೇ ಏರುಪೇರು ಮಾಡಬಲ್ಲವು. ಅದಕ್ಕಿಂತಲೂ ಮುಖ್ಯವಾದ ಪ್ರಶ್ನೆಯೊಂದು ಯಾವ ಕಡತದಲ್ಲೂ ಇರುವುದಿಲ್ಲ: ಈ ಒಪ್ಪಂದಗಳು ನಾಳೆ ಯಾರ ಹೆಸರಿನಲ್ಲಿ ಮುಂದುವರಿಯುತ್ತವೆ?

ಅಡಿಡಾಸ್ 2005ರಲ್ಲಿ ಸುಮಾರು 380 ಕೋಟಿ ಡಾಲರ್‌ಗೆ ರೀಬಾಕನ್ನು ಕೊಳ್ಳುವುದಾಗಿ ಘೋಷಿಸಿದಾಗ ಅಮೆರಿಕದಲ್ಲಿ ನೈಕಿಯನ್ನು ಎದುರಿಸುವುದು ಅದರ ಉದ್ದೇಶವಾಗಿತ್ತು. ಆಗ ಎನ್‌ಬಿಎ ಬಾಸ್ಕೆಟ್‌ಬಾಲ್ ಲೀಗ್‌ನ ಸಮವಸ್ತ್ರದ ಪರವಾನಗಿ ರೀಬಾಕ್ ಕೈಯಲ್ಲಿತ್ತು. ಖರೀದಿ ಪೂರ್ಣಗೊಂಡ 2006ರಲ್ಲಿಯೇ ಅದು ಅಡಿಡಾಸ್ ಹೆಸರಿಗೆ ಬಂದಿತು. ರೀಬಾಕ್ ಬಳಿಯೇ ಇದ್ದ ಎನ್‌ಎಫ್‌ಎಲ್ ಅಮೆರಿಕನ್ ಫುಟ್‌ಬಾಲ್ ಲೀಗ್‌ನ ಪರವಾನಗಿ 2012ರಲ್ಲಿ ನೈಕಿಯ ಪಾಲಾಯಿತು. ಆಟದ ಅಂಗಳದಲ್ಲಿ ಕಾಣದಾದ ಬ್ರ್ಯಾಂಡು ಅಂಗಡಿಯಲ್ಲಿಯೂ ಮಂಕಾಗುವುದು ಸಹಜವೇ. ಸುಮಾರು 310 ಕೋಟಿ ಯೂರೋಗೆ ಸಮನಾದ ಬೆಲೆ ತೆತ್ತು ಕೊಂಡಿದ್ದ ರೀಬಾಕನ್ನು ಗರಿಷ್ಠ 210 ಕೋಟಿ ಯೂರೋಗೆ ಮಾರುವ ಒಪ್ಪಂದಕ್ಕೆ ಅಡಿಡಾಸ್ 2021ರಲ್ಲಿ ಸಹಿ ಹಾಕಿತು.

ಅಂಬ್ರೊ ಕಥೆಯೂ ಬೇರೆಯಲ್ಲ. ಇಂಗ್ಲೆಂಡ್ ಫುಟ್‌ಬಾಲ್ ತಂಡಕ್ಕೆ ಸಮವಸ್ತ್ರ ಒದಗಿಸುತ್ತಿದ್ದ ಆ ಕಂಪನಿಯನ್ನು ನೈಕಿ ಸುಮಾರು 28.5 ಕೋಟಿ ಪೌಂಡ್‌ಗೆ ಕೊಂಡು, 2012ರಲ್ಲಿ 22.5 ಕೋಟಿ ಡಾಲರ್‌ಗೆ ಮಾರಿತು. ಮರುವರ್ಷ ಇಂಗ್ಲೆಂಡ್ ಆಟಗಾರರ ಅಂಗಿಯ ಮೇಲಿದ್ದದ್ದು ನೈಕಿಯ ಗುರುತು. ಪೌಂಡನ್ನೂ ಡಾಲರನ್ನೂ ಅಕ್ಕಪಕ್ಕದಲ್ಲಿಟ್ಟು ಇದನ್ನು ಬರೀ ನಷ್ಟವೆಂದು ಬರೆಯುವವರು ಆ ಅಂಗಿಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಇದೇ ನೈಕಿ 2003ರಲ್ಲಿ 30.5 ಕೋಟಿ ಡಾಲರ್‌ಗೆ ಕೊಂಡ ಕಾನ್ವರ್ಸ್ ಮಾತ್ರ ಬೆಳೆಯಿತು. ಹನ್ನೆರಡು ವರ್ಷಗಳಲ್ಲಿ ಅದರ ವಾರ್ಷಿಕ ಮಾರಾಟ 200 ಕೋಟಿ ಡಾಲರ್‌ನ ಹತ್ತಿರಕ್ಕೆ ಬಂದಿತು. ಒಂದು ಕಾಲದಲ್ಲಿ ಬಾಸ್ಕೆಟ್‌ಬಾಲ್ ಅಂಗಳದ ಷೂ ಆಗಿದ್ದ ಅದರ ಕ್ಯಾನ್ವಾಸ್ ಷೂ ಆ ಹೊತ್ತಿಗಾಗಲೇ ನಿತ್ಯದ ಉಡುಗೆಯ ಭಾಗವಾಗಿತ್ತು. ಹಾಗಾಗಿ ಕಿತ್ತುಕೊಂಡು ತನ್ನ ಹೆಸರಿಗೆ ಮಾಡಿಕೊಳ್ಳುವಂಥದ್ದು ಅದರಲ್ಲಿ ನೈಕಿಗೆ ಹೆಚ್ಚೇನೂ ಇರಲಿಲ್ಲವೆಂಬುದು ನನ್ನ ಅಭಿಪ್ರಾಯ.

ಇನ್ನು ವೆಚ್ಚ ಉಳಿತಾಯದ ಮಾತು. ಗೋದಾಮು, ಸಾಗಣೆ, ಕಚ್ಚಾವಸ್ತುಗಳ ಖರೀದಿಯನ್ನು ಒಂದುಗೂಡಿಸಿದರೆ ಹಣ ಉಳಿಯುವುದು ನಿಜ. ಆದರೆ ಉಳಿತಾಯದ ಪಟ್ಟಿ ಉದ್ದವಾಗುತ್ತ ಹೋಗಿ, ಕೊನೆಗೆ ಷೂ ಹೊಲಿಯಲು ಬಳಸುವ ಪಾದದಾಕಾರದ ಅಚ್ಚಿಗೂ ಬಂದು ಮುಟ್ಟುತ್ತದೆ. ಬೆರಳುಗಳ ಬಳಿಯ ಅಗಲ, ಹಿಮ್ಮಡಿಯ ಹಿಡಿತ ಎಲ್ಲವೂ ನಿರ್ಧಾರವಾಗುವುದು ಆ ಅಚ್ಚಿನಲ್ಲಿ. ಎರಡು ಬ್ರ್ಯಾಂಡುಗಳಿಗೆ ಒಂದೇ ಅಚ್ಚು ಸಾಕೆಂದು ತೀರ್ಮಾನಿಸಿದ ದಿನ, ಒಂದರ ಅಳತೆಗೆ ಒಗ್ಗಿದ್ದ ಓಟಗಾರ ಮೂರನೆಯ ಕಂಪನಿಯ ಷೂ ಹಾಕಿ ನೋಡಲು ಕಾರಣ ಸಿಕ್ಕಂತಾಗುತ್ತದೆ. ಚಿಲ್ಲರೆ ವ್ಯಾಪಾರಿಯೂ ಒಬ್ಬನೇ ಪೂರೈಕೆದಾರನ ಹಂಗಿಗೆ ಬೀಳಲು ಒಪ್ಪುವುದಿಲ್ಲ. ಎರಡು ಬ್ರ್ಯಾಂಡುಗಳಿಗೆ ಬೇರೆಬೇರೆಯಾಗಿ ಕೊಟ್ಟಿದ್ದ ಕಪಾಟುಗಳಲ್ಲಿ ಒಂದಿಷ್ಟನ್ನು ಆತ ಹೊರಗಿನವರಿಗೆ ಬಿಟ್ಟುಕೊಡುತ್ತಾನೆ. ಅಂಗಡಿಗಳ ಬೇಡಿಕೆ ತಿಂಗಳುಗಟ್ಟಲೆ ಮೊದಲೇ ದಾಖಲಾಗಿರುವುದರಿಂದ, ವಿಲೀನವಾದ ಮೊದಲ ವರ್ಷದ ಮಾರಾಟದ ಅಂಕಿಗಳಲ್ಲಿ ಇದರ ಸುಳಿವೇ ಇರುವುದಿಲ್ಲ.